ಅಮ್ಮನಿಗೆ ಫಲಕ ಓದಿ ಹೇಳಿದ ತಮ್ಮನಿಗೆ

ಕಳೆದ ಭಾನುವಾರ ಬೆಂಗಳೂರಿನ ಶಾಲೆಗಳ ಇತಿಹಾಸದ ಪ್ರದರ್ಶನಕ್ಕೆ ಅಮ್ಮನನ್ನು ಕರೆದುಕೊಂಡು ಹೋಗಿದ್ದೆ. ಅವರಿಗೆ ಪೊರೆ ಬಂದು ಕಣ್ಣು ಮಂಜು. ಫಲಕದ ಅಕ್ಷರಗಳೋ ತುಂಬಾ ಸಣ್ಣವು. ನಾನು ಮಗುವನ್ನು ಎತ್ತಿಕೊಂಡು ಒದ್ದಾಡುತ್ತಿದ್ದೆ. ಆಗ ನೀವು ಬಂದು, "ಬನ್ನಿ ಅಜ್ಜಿ, ನಾನು ಓದಿ ಹೇಳ್ತೀನಿ" ಅಂದಿರಿ.

1858ರಲ್ಲಿ ಹೈಸ್ಕೂಲಾಗಿ ಶುರುವಾಗಿ ಮುಂದೆ ಸೆಂಟ್ರಲ್ ಕಾಲೇಜಾದದ್ದು, 1865ರ ಬಿಷಪ್ ಕಾಟನ್ ಶಾಲೆ, 1917ರ ನ್ಯಾಷನಲ್ ಹೈಸ್ಕೂಲ್, ಒಂದು ಸಾಲೂ ಬಿಡದೆ ನಿಧಾನವಾಗಿ ಓದಿದಿರಿ. ಮರದ ಚೌಕಟ್ಟಿನ ಸ್ಲೇಟಿನ ಮುಂದೆ ಅಮ್ಮ ನಿಂತೇಬಿಟ್ಟರು. ತೊಂಡೆಸೊಪ್ಪು, ಇದ್ದಿಲು ಸೇರಿಸಿ ಉಜ್ಜಿ ಸ್ಲೇಟನ್ನು ಕಪ್ಪಗೆ ಮಾಡುತ್ತಿದ್ದರಂತೆ. ಬೆರಳೆಲ್ಲ ಮಸಿ, ಮನೆಗೆ ಬಂದರೆ ಬೈಗುಳ. ಈ ಕತೆ ನಾನೇ ಕೇಳಿರಲಿಲ್ಲ! ನೀವು ಸುಮ್ನೆ ತಲೆಯಾಡಿಸಿ ಮುಂದೆ ಹೋಗಬಹುದಿತ್ತು. ಹೋಗಲಿಲ್ಲ. "ಆಮೇಲೆ ಅಜ್ಜಿ?" ಅಂತ ಕೇಳುತ್ತಲೇ ಇದ್ದಿರಿ. ಅಮ್ಮ ಹದಿನಾರರ ಮಗ್ಗಿಯನ್ನೂ ಒಪ್ಪಿಸಿದರು, ಒಂದೂ ತಪ್ಪಿಲ್ಲದೆ.

ಹೊರಡುವಾಗ ಕೈ ಹಿಡಿದು ಮೆಟ್ಟಿಲು ಇಳಿಸಿದಿರಿ. ಮಗು ಅಳುತ್ತಿದ್ದ ಗಡಿಬಿಡಿಯಲ್ಲಿ ನಿಮ್ಮ ಹೆಸರು ಕೇಳಲೇ ಇಲ್ಲ. ತುಂಬಾ ಥ್ಯಾಂಕ್ಸ್ ತಮ್ಮಾ. ಅಮ್ಮ ಇವತ್ತೂ ಕೇಳಿದರು, "ಆ ಹುಡುಗ ಅವತ್ತು ಊಟ ಮಾಡಿದ್ನೋ ಇಲ್ವೋ?"