ತಮ್ಮ ಖುಲಾಸೆಯಾದ, ಜೊತೆ ನಿಂತವರಿಗೆಲ್ಲ ನಮಸ್ಕಾರ

ಕಳೆದ ವಾರ ಧಾರವಾಡದ ಹೈಕೋರ್ಟ್ ಪೀಠ ನನ್ನ ತಮ್ಮನ ಶಿಕ್ಷೆ ರದ್ದು ಮಾಡಿತು. ಎಷ್ಟೋ ಜನ ಫೋನ್ ಮಾಡಿದಿರಿ. ಅಳು ಬಂದು ಯಾರ ಜೊತೆಯೂ ಸರಿಯಾಗಿ ಮಾತಾಡಲು ಆಗಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ತಮ್ಮ ಗೂಡ್ಸ್ ಗಾಡಿ ಓಡಿಸುತ್ತಾನೆ. ಬಾಡಿಗೆಗೆ ಹೇರಿದ್ದ ಈರುಳ್ಳಿ ಚೀಲಗಳ ನಡುವೆ ಒಂದು ಬ್ಯಾಗು, ಅದರಲ್ಲಿ ಎರಡು ಕಿಲೋ ಗಾಂಜಾ ಸಿಕ್ಕಿತು ಎಂದು ಕೇಸಾಯಿತು. ಒಂದು ಕಿಲೋ ದಾಟಿದರೆ ಮಾದಕ ವಸ್ತುಗಳ ಕಾನೂನಿನಲ್ಲಿ (ಎನ್‌ಡಿಪಿಎಸ್) ಅದು ಸಣ್ಣ ಪ್ರಮಾಣ ಅಲ್ಲ, ಹತ್ತು ವರ್ಷದವರೆಗೆ ಸಜೆ ಕೊಡಬಹುದು. ಇವನಿಗೆ ಐದು ವರ್ಷ, 50,000 ರೂಪಾಯಿ ದಂಡ ಹಾಕಿದರು. ಬೆಳಿಗ್ಗೆ ಉಪ್ಪಿಟ್ಟು ತಿಂದು ಹೋದವನು ಕೋರ್ಟಿನಿಂದ ಹಾಗೇ ಜೈಲಿಗೆ ಹೋದ. ಆ ರಾತ್ರಿಯೂ ಅವ್ವ ಅವನ ತಟ್ಟೆ ತೆಗೆದಿಟ್ಟಿದ್ದಳು.

ಮೊದಲ ನಮಸ್ಕಾರ ಜೈಲಿಗೆ ಬರುತ್ತಿದ್ದ ಕಾನೂನು ನೆರವಿನ ಸ್ವಯಂಸೇವಕ ಅಣ್ಣನಿಗೆ. ಹೈಕೋರ್ಟಿಗೆ ಅಪೀಲು ಹಾಕಲು 60 ದಿನ ಇದೆ, ಜೈಲಿನಲ್ಲಿ ಇರುವವರಿಗೆ ವಕೀಲರನ್ನು ಪುಕ್ಕಟೆ ಕೊಡುತ್ತಾರೆ, ತೀರ್ಪಿನ ಪ್ರತಿಗೂ ದುಡ್ಡಿಲ್ಲ ಎಂದು ಹೇಳಿದ್ದು ಅವರೇ. ಆಗಲೇ ನನ್ನ ಬಳೆ, ಸರ ಎಲ್ಲ ಕೇಸಿಗೆ ಹೋಗಿದ್ದವು. ಅವರು ಹೇಳದಿದ್ದರೆ ಆ 60 ದಿನ ಅಳುತ್ತಲೇ ಕಳೆಯುತ್ತಿದ್ದೆವು.

ಇನ್ನು ವಕೀಲೆ ಮೇಡಂ. ನಾನು ಯಾರೋ ಹೇಳಿದ್ದನ್ನು ಕೇಳಿಕೊಂಡು ಆ ಕಾನೂನಿನ 50ನೇ ಕಲಂ, 50ನೇ ಕಲಂ ಎನ್ನುತ್ತಿದ್ದೆ. ಅದು ಮೈ ತಪಾಸಣೆಗೆ ಮಾತ್ರ ತಂಗಿ, ನಿಮ್ಮದು ಗಾಡಿಯಲ್ಲಿ ಸಿಕ್ಕ ಬ್ಯಾಗು, ಅದರ ಮೇಲೆ ಆಸೆ ಇಡಬೇಡ ಎಂದರು. ಸುಳ್ಳು ಧೈರ್ಯ ಒಂದು ದಿನವೂ ಹೇಳಲಿಲ್ಲ. ಆಮೇಲೆ ಒಂದು ಸಂಜೆ ಎರಡು ಹಾಳೆ ಪಕ್ಕಪಕ್ಕ ಇಟ್ಟು ಪೆನ್ಸಿಲ್‌ನಿಂದ ತೋರಿಸಿದರು. ಪಂಚನಾಮೆಯಲ್ಲಿ ಸ್ಯಾಂಪಲ್ 50 ಗ್ರಾಂ. ಲ್ಯಾಬ್ ವರದಿಯಲ್ಲಿ 68 ಗ್ರಾಂ. ಯಾವ ಮೊಹರು ಒತ್ತಿದರು ಎಂದು ಪಂಚನಾಮೆಯಲ್ಲಿ ಇಲ್ಲ. ಸ್ಟೇಷನ್ನಿನಿಂದ ಲ್ಯಾಬಿಗೆ ಹೋಗುವವರೆಗೆ ಆ ಪೊಟ್ಟಣ ಯಾರ ಹತ್ತಿರ ಇತ್ತು ಎನ್ನುವುದಕ್ಕೂ ದಾಖಲೆ ಇಲ್ಲ. ಸ್ಯಾಂಪಲ್ಲನ್ನು ಮ್ಯಾಜಿಸ್ಟ್ರೇಟ್ ಎದುರು ತೆಗೆಯಬೇಕು ಎಂದು ಅದೇ ಕಾನೂನಿನ 52ಎ ಕಲಂ ಹೇಳುತ್ತದೆ, 2016ರಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಹೇಳಿದೆ. ನಮ್ಮ ಕೇಸಿನಲ್ಲಿ ರಸ್ತೆ ಬದಿಯಲ್ಲೇ ತೆಗೆದಿದ್ದರು. ಅದೊಂದೇ ತಪ್ಪಿಗೆ ಕೇಸು ಬಿದ್ದು ಹೋಗುವುದಿಲ್ಲ, ಎಲ್ಲ ಸೇರಿಸಿ ಹೇಳಬೇಕು ಎಂದರು ಮೇಡಂ. ಹಾಗೇ ಹೇಳಿದರು. ಗಾಡಿಯಲ್ಲಿ ಹಿಡಿದದ್ದೇ ಲ್ಯಾಬಿಗೆ ಹೋಯಿತು ಎಂದು ಸಾಬೀತಾಗಿಲ್ಲ ಎಂದು ತೀರ್ಪು ಬಂತು. ಆ ಎರಡು ಹಾಳೆ ಮೊದಲಿನಿಂದಲೂ ನಮ್ಮ ಫೈಲಿನಲ್ಲೇ ಇದ್ದವು. ಯಾರೂ ಜೋಡಿಸಿ ಓದಿರಲಿಲ್ಲ ಅಷ್ಟೇ. ಮೇಡಂ, ನಮ್ಮಿಂದ ಒಂದು ರೂಪಾಯಿ ತೆಗೆದುಕೊಳ್ಳದೆ ಓದಿದಿರಿ. ನಿಮ್ಮ ಋಣ ದೊಡ್ಡದು.

ಅದಕ್ಕೂ ಮೊದಲು, ಜೈಲಿಗೆ ಹೋದ ಎಂಟು ತಿಂಗಳ ನಂತರ, ಅಪೀಲು ಮುಗಿಯುವವರೆಗೆ ಶಿಕ್ಷೆ ತಡೆಹಿಡಿದು ಜಾಮೀನು ಕೊಟ್ಟರು. ಜಾಮೀನಿಗೆ ಹೊಲದ ಪಹಣಿ ಬೇಕಿತ್ತು. ನಮಗೆ ಹೊಲ ಎಲ್ಲಿಂದ? ಹಿಂದಿನ ಓಣಿಯ ಕಾಕಾ ತಮ್ಮ ಎರಡು ಎಕರೆ ಪಹಣಿ ಹಿಡಿದುಕೊಂಡು ಬಂದು ಕೋರ್ಟಿನಲ್ಲಿ ಸಹಿ ಹಾಕಿದರು. ಮಕ್ಕಳು ಬೇಡ ಅಂದರೂ ಬಂದರು. ಕಾಕಾ, ಅವತ್ತು ನಿಮ್ಮ ಕೈ ನಡುಗುತ್ತಿತ್ತು. ನಾನು ನೋಡಿದ್ದೇನೆ.

ಶಾಲೆಯಲ್ಲಿ ತಮ್ಮನ ಮಗಳ ಕಿವಿಗೆ ಒಂದು ಮಾತೂ ಬೀಳದಂತೆ ನೋಡಿಕೊಂಡ ಟೀಚರ್, ಜನ ಮನೆಗೆ ಬರುವುದು ಬಿಟ್ಟಾಗಲೂ ನನ್ನ ಹತ್ತಿರವೇ ಬ್ಲೌಸ್ ಹೊಲಿಸಿದ ಅಕ್ಕಂದಿರು, ನಿಮ್ಮನ್ನೂ ಮರೆತಿಲ್ಲ.

ಗಾಡಿ ಸ್ಟ್ಯಾಂಡಿನ ಅಣ್ಣತಮ್ಮಂದಿರೇ, ದಂಡ ಕಟ್ಟಿದರೆ ಮಾತ್ರ ಬಿಡುಗಡೆ ಎಂದಾಗ ಮೂರು ದಿನದಲ್ಲಿ 50,000 ಕೂಡಿಸಿ ಕೊಟ್ಟಿರಿ. ಇನ್ನೂರು ಕೊಟ್ಟವರೂ ಇದ್ದೀರಿ, ಐದು ಸಾವಿರ ಕೊಟ್ಟವರೂ ಇದ್ದೀರಿ. ಎಲ್ಲರ ಹೆಸರೂ ನನ್ನ ಅಳತೆ ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿದೆ. ಕಟ್ಟಿದ ದಂಡ ವಾಪಸ್ ಕೊಡಬೇಕು ಎಂದು ತೀರ್ಪಿನಲ್ಲೇ ಇದೆ, ಅರ್ಜಿ ಹಾಕಿದ್ದೇವೆ. ಬಂದ ದಿನವೇ ತಮ್ಮನೂ ನಾನೂ ಸ್ಟ್ಯಾಂಡಿಗೆ ಬರುತ್ತೇವೆ. ದಯವಿಟ್ಟು ಯಾರೂ ಬೇಡ ಅನ್ನಬೇಡಿ.