ಧೂಳೆಳೆಯುವ ಮೆಷಿನ್ ಬಗ್ಗೆ ಅಣ್ಣನಿಗೆ

ಪ್ರೀತಿಯ ಅಣ್ಣ,

ನೀನು ಕಳಿಸಿದ ಫೋಟೊ ಸಿಕ್ಕಿತು. ಕೊನೆಗೂ ಡಸ್ಟ್ ಕಲೆಕ್ಟರ್ ತರಿಸಿದೆಯಲ್ಲ, ಖುಷಿಯಾಯಿತು. ಹೇಗೆ ಜೋಡಿಸಬೇಕು ಅಂತ ಫೋನಲ್ಲೇ ಹೇಳಿಬಿಡು ಅಂದಿದ್ದೆ. ಫೋನಲ್ಲಿ ಹೇಳಿದರೆ ಅರ್ಧ ಮಾತು ನಿನ್ನ ಕಿವಿಗೆ ಬೀಳುವುದಿಲ್ಲ, ಹಿಂದೆ ಯಾವಾಗಲೂ ಗರಗಸ ಓಡುತ್ತಿರುತ್ತದೆ. ಅದಕ್ಕೇ ಕೂತು ಬರೆಯುತ್ತಿದ್ದೇನೆ. ಇದನ್ನು ಮೆಷಿನ್ ಪಕ್ಕದ ಗೋಡೆಗೆ ಅಂಟಿಸಿಕೊ.

ಮೊದಲು ನನ್ನ ಪೆದ್ದುತನ ಹೇಳುತ್ತೇನೆ. ಹೋದ ವರ್ಷ ಇಲ್ಲಿ ನಾವು ಮೆಷಿನ್ ಜಾಗ ಬದಲಿಸಿದೆವು. ವೈರ್ ಬಿಚ್ಚಿ ಮತ್ತೆ ಕಟ್ಟಿದ್ದಾಯಿತು. ಸ್ವಿಚ್ ಹಾಕಿದರೆ ಸದ್ದು ಬಂತು, ಚೀಲ ಉಬ್ಬಿತು, ಪೈಪಿನ ಬಾಯಿಗೆ ಕೈ ಹಿಡಿದರೆ ಗಾಳಿ ಎಳೆಯುತ್ತಿತ್ತು. ಸರಿಯಾಗಿದೆ ಅಂದುಕೊಂಡೆ. ಮರ ಹೆರೆಯುವ ಪ್ಲೇನರ್ ಶುರು ಮಾಡಿದರೆ ಮಾತ್ರ ಚಕ್ಕೆಯೆಲ್ಲ ಪೈಪಿನಲ್ಲೇ ಕೂತುಬಿಡುತ್ತಿತ್ತು. ಮೂರು ವಾರ ಫಿಲ್ಟರ್ ಒದರಿದ್ದೇ ಒದರಿದ್ದು, ಜಾಯಿಂಟಿಗೆಲ್ಲ ಟೇಪ್ ಸುತ್ತಿದ್ದೇ ಸುತ್ತಿದ್ದು. ಒಂದು ಸಂಜೆ ಸ್ವಿಚ್ ಆರಿಸಿ, ಮೋಟರಿನ ಹಿಂದಿರುವ ಚಿಕ್ಕ ಫ್ಯಾನ್ ನಿಧಾನವಾಗಿ ನಿಲ್ಲುವುದನ್ನು ಸುಮ್ನೆ ನೋಡುತ್ತಾ ನಿಂತಿದ್ದೆ. ಅದು ಕವಚದ ಮೇಲಿನ ಬಾಣದ ಗುರುತಿಗೆ ಉಲ್ಟಾ ತಿರುಗುತ್ತಿತ್ತು!

ಮೂರು ಫೇಸ್ ಮೋಟರ್ ಅದು. ವೈರ್ ಅದಲುಬದಲಾದರೆ ಉಲ್ಟಾ ತಿರುಗುತ್ತದೆ ಅಂತ ನಿನಗೂ ಗೊತ್ತು. ಮೋಸ ಇರುವುದು ಬೇರೆ ಕಡೆ. ಅದೇ ಮೋಟರ್ ತಿರುಗಿಸುವ, ಧೂಳೆಳೆಯುವ ದೊಡ್ಡ ಫ್ಯಾನ್ ಉಲ್ಟಾ ತಿರುಗಿದರೂ ಗಾಳಿ ಉಲ್ಟಾ ಹೋಗುವುದಿಲ್ಲ. ನಡುವಿನಿಂದ ಗಾಳಿ ತೆಗೆದುಕೊಂಡು ಅಂಚಿಗೆ ಎಸೆಯುವುದು ಅದರ ಸ್ವಭಾವ, ಎಡಕ್ಕೆ ತಿರುಗಿದರೂ ಅಷ್ಟೇ, ಬಲಕ್ಕೆ ತಿರುಗಿದರೂ ಅಷ್ಟೇ. ಎಳೆತ ಮಾತ್ರ ತುಂಬಾ ಕಡಿಮೆಯಾಗುತ್ತದೆ. ಹಾಗಾಗಿ ಪೈಪಿಗೆ ಕೈ ಹಿಡಿದು ನೋಡಿ ಏನೂ ತಿಳಿಯುವುದಿಲ್ಲ, ಬಾಣವನ್ನೇ ನೋಡಬೇಕು. ಎಲೆಕ್ಟ್ರಿಷಿಯನ್ ಬಂದು, ಮೇನ್ ಆಫ್ ಮಾಡಿ, ಮೂರರಲ್ಲಿ ಎರಡು ವೈರ್ ಅದಲುಬದಲು ಮಾಡಿ ಹೋದ. ಐದು ನಿಮಿಷ ಹಿಡಿಯಲಿಲ್ಲ. ನಿನ್ನದೂ ಮೂರು ಫೇಸ್ ಅಂತ ಫೋಟೊದಲ್ಲಿ ಕಾಣುತ್ತಿದೆ, ಅದಕ್ಕೇ ಇಷ್ಟುದ್ದ ಬರೆದೆ.

ಲೈನು ಅದಕ್ಕೇ ಬೇರೆ ಇರಲಿ. ಎಕ್ಸ್‌ಟೆನ್ಷನ್ ಬೋರ್ಡಿನಿಂದ ಎಳೆಯಬೇಡ. ಶುರುವಾಗುವಾಗ ಮೋಟರ್ ಮಾಮೂಲಿಗಿಂತ ಹಲವು ಪಟ್ಟು ಕರೆಂಟ್ ಎಳೆಯುತ್ತದೆ, ತೆಳು ವೈರ್ ಬಿಸಿಯಾಗುತ್ತದೆ. ಒಂದೊಂದು ಹಲಗೆ ಕೊಯ್ದಾಗಲೂ ಆನ್ ಆಫ್ ಮಾಡುವುದೂ ಬೇಡ, ಕೆಲಸ ಮುಗಿಯುವವರೆಗೂ ಓಡಲಿ ಬಿಡು.

ಇನ್ನು ಪೈಪ್. ಫೋಟೊದಲ್ಲಿ ಸುರುಳಿ ಪೈಪ್ ಇಡೀ ಗೋಡೆಗೆ ಹಾವಿನ ಹಾಗೆ ಹರಿದಿದೆ. ಅದನ್ನು ತೆಗೆ. ಸುರುಳಿ ಪೈಪಿನ ಒಳಮೈ ಏಣುಏಣಾಗಿರುತ್ತದೆ, ಗಾಳಿ ಉಜ್ಜಿಕೊಂಡೇ ಹೋಗಬೇಕು. ಅದರ ಒಂದು ಮೀಟರ್ ಅಂದರೆ ನಯವಾದ ಪೈಪಿನ ಎರಡು ಮೂರು ಮೀಟರಿಗೆ ಸಮ. ಗೋಡೆಯುದ್ದಕ್ಕೂ ನಯವಾದ ಪೈಪ್ ಹಾಕಿ, ಮೆಷಿನ್ ಹತ್ತಿರ ಮಾತ್ರ ಬೇಕಾದಷ್ಟು ಸುರುಳಿ ಬಿಡು. ಮೂಲೆಯಲ್ಲಿ ನೇರ 90 ಡಿಗ್ರಿ ಮೊಣಕೈ ಬದಲು ಎರಡು 45 ಡಿಗ್ರಿ ಹಾಕು. ಕವಲು ಒಡೆಯುವ ಕಡೆ ಟಿ ಆಕಾರದ ತುಂಡು ಬೇಡ. ಓರೆಯಾಗಿ ಸೇರುವ ವೈ ತುಂಡು ಸಿಗುತ್ತದೆ, ಅದನ್ನು ಗಾಳಿ ಹರಿಯುವ ದಿಕ್ಕಿಗೇ ಕೂರಿಸು.

ಪೈಪಿನ ಅಳತೆ ನೀನು ಕೇಳಿದ್ದೆ. ಚಕ್ಕೆ ಪೈಪಿನಲ್ಲಿ ಕೂರದೆ ಹಾರಿಕೊಂಡೇ ಹೋಗಬೇಕಾದರೆ ಗಾಳಿ ಸೆಕೆಂಡಿಗೆ ಸುಮಾರು 20 ಮೀಟರ್ ವೇಗದಲ್ಲಿ ಓಡಬೇಕು. 6 ಇಂಚಿನ ಪೈಪಿನ ಬಾಯಿ 4 ಇಂಚಿನದಕ್ಕಿಂತ ಎರಡೂಕಾಲು ಪಟ್ಟು ದೊಡ್ಡದು. ಮೋಟರಿಗೆ ಬಲ ಇದ್ದರೆ 6 ಇಂಚಿನ ಮುಖ್ಯ ಪೈಪ್ ಹಾಕು, ಅಷ್ಟು ಜಾಸ್ತಿ ಗಾಳಿ ಸಿಗುತ್ತದೆ. ಬಲ ಇಲ್ಲದೆ ದೊಡ್ಡ ಪೈಪ್ ಹಾಕಿದರೆ ಗಾಳಿ ಸೋಮಾರಿಯಾಗಿ, ಚಕ್ಕೆ ಮಧ್ಯದಲ್ಲೇ ಕೂರುತ್ತದೆ. ಮೆಷಿನ್ ಜೊತೆ ಬಂದ ಪುಸ್ತಕದಲ್ಲಿ ಎಷ್ಟಿಂಚು ಅಂತ ಇದೆಯೋ ಅಲ್ಲಿಂದ ಶುರು ಮಾಡು. ಪ್ರತಿ ಕವಲಿಗೂ ಒಂದು ಗೇಟ್ ಇರಲಿ. ಓಡುತ್ತಿರುವ ಮೆಷಿನ್ನಿನ ಗೇಟ್ ಮಾತ್ರ ತೆರೆದಿರಬೇಕು. ನಾಲ್ಕೂ ತೆರೆದಿಟ್ಟರೆ ಯಾವುದಕ್ಕೂ ಗಾಳಿ ಸಾಲದು.

ಮರದ ಅಂಚು ಕೊರೆಯುವ ನಿನ್ನ ರೌಟರ್ ಮೆಷಿನ್ನಿನ ಹತ್ತಿರ ಪೈಪಿನ ಬಾಯಿ ಒಂದು ಗೇಣು ದೂರದಲ್ಲಿ ನೇತಾಡುತ್ತಿದೆ ಅಲ್ವಾ? ಅದು ಅಲಂಕಾರಕ್ಕೆ ಅಷ್ಟೇ. ಉರಿಯುವ ದೀಪವನ್ನು ಒಂದು ಮೊಳ ದೂರದಿಂದ ಊದಿ ಆರಿಸಬಹುದು. ಉಸಿರು ಒಳಗೆ ಎಳೆದು ಆರಿಸು ನೋಡೋಣ, ಆಗಲ್ಲ. ಊದಿದ ಗಾಳಿ ನೇರ ಹೋಗುತ್ತದೆ, ಎಳೆದ ಗಾಳಿ ಸುತ್ತಮುತ್ತ ಎಲ್ಲ ಕಡೆಯಿಂದ ಬರುತ್ತದೆ. ತೆರೆದ ಪೈಪಿನಿಂದ ಅದರ ಬಾಯಿಯ ಅಗಲದಷ್ಟು ದೂರ ಹೋದರೆ ಸಾಕು, ವೇಗ ಹತ್ತರಲ್ಲಿ ಒಂದು ಪಾಲೂ ಉಳಿಯುವುದಿಲ್ಲ. 4 ಇಂಚಿನ ಪೈಪ್ ಆದರೆ ನಾಲ್ಕೇ ಇಂಚು ದೂರ. ಹಾಗಾಗಿ ಧೂಳು ಹುಟ್ಟುವ ಜಾಗಕ್ಕೆ ಪ್ಲೈವುಡ್ ಪೆಟ್ಟಿಗೆ ಮಾಡಿ, ಅದಕ್ಕೆ ಪೈಪ್ ಸೇರಿಸು. ಟೇಬಲ್ ಗರಗಸಕ್ಕೆ ಕೆಳಗೊಂದು ಸಾಲದು. ಬ್ಲೇಡಿನ ಹಲ್ಲು ಪುಡಿಯನ್ನು ಮೇಲಕ್ಕೂ ನಿನ್ನ ಮುಖಕ್ಕೂ ಎಸೆಯುತ್ತದೆ, ಮೇಲಿನ ಗಾರ್ಡಿಗೂ ಒಂದು ಪೈಪ್ ಬೇಕು.

ಈಗ ಅಪ್ಪನ ಮಾತಿಗೆ ಬರುತ್ತೇನೆ. "ಮರದ ಪುಡಿ ತಾನೇ, ವಿಷವಾ ಅದು?" ಅಂತ ಈ ಸಲವೂ ಅಂದರಂತೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1995ರಲ್ಲೇ ಮರದ ಧೂಳನ್ನು ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಗೆ ಸೇರಿಸಿದೆ, ಮುಖ್ಯವಾಗಿ ಮೂಗು ಮತ್ತು ಅದರ ಪಕ್ಕದ ಪೊಳ್ಳುಗಳ ಕ್ಯಾನ್ಸರ್. ಅಪ್ಪನನ್ನು ಹೆದರಿಸಬೇಡ, ಮಾಸ್ಕ್ ಹಾಕಿಸು ಸಾಕು. ನೆಲದ ಮೇಲೆ ಗುಡಿಸಲು ಸಿಗುವ ಹೊಟ್ಟಿಗಿಂತ, ಕಾಣದೆ ತೇಲುವ ಧೂಳಿನಿಂದಲೇ ತೊಂದರೆ ಜಾಸ್ತಿ. ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲಿ ಒಂದು ಪಾಲು, ನಮ್ಮ ತಲೆಕೂದಲು ಸುಮಾರು 70 ಮೈಕ್ರಾನ್ ದಪ್ಪ. ಶ್ವಾಸಕೋಶದ ಒಳಗೆ ಹೋಗಿ ಕೂರುವುದು 10 ಮೈಕ್ರಾನಿಗಿಂತ ಸಣ್ಣದು.

ಅಲ್ಲಿಗೇ ಚೀಲದ ವಿಷಯ ಬರುತ್ತದೆ. ಬರೀ 30 ಮೈಕ್ರಾನ್ ಬಟ್ಟೆಯ ಚೀಲ ಆದರೆ ದಪ್ಪ ಹೊಟ್ಟನ್ನು ಹಿಡಿದುಕೊಂಡು, ನುಣ್ಣಗಿನ ಧೂಳನ್ನು ಇಡೀ ರೂಮಿಗೆ ಸಮನಾಗಿ ಹಂಚುತ್ತದೆ. ಮೆಷಿನ್ ಇಲ್ಲದಿದ್ದರೇ ವಾಸಿ ಅನ್ನಿಸುತ್ತದೆ ನನಗೆ, ಅದಿಲ್ಲದಾಗ ಮೂಗಿಗೆ ಬಟ್ಟೆಯಾದರೂ ಕಟ್ಟಿಕೊಳ್ಳುತ್ತಿದ್ದೆವು. 1 ಮೈಕ್ರಾನ್ ಚೀಲವೋ ಮಡಿಕೆಮಡಿಕೆಯ ಕಾರ್ಟ್ರಿಜ್ ಫಿಲ್ಟರೋ ಹಾಕು. ಸರಿ ಇದೆಯೋ ಇಲ್ಲವೋ ನೋಡಲು ರಾತ್ರಿ ಲೈಟ್ ಆರಿಸಿ, ಮೆಷಿನ್ ಓಡುವಾಗ ಫಿಲ್ಟರ್ ಪಕ್ಕಕ್ಕೆ ಒಂದು ಟಾರ್ಚ್ ಹಿಡಿ. ಹಂಚಿನ ಸಂದಿಯಿಂದ ಬೀಳುವ ಬಿಸಿಲುಕೋಲಿನಲ್ಲಿ ಕಾಣುವ ಹಾಗೆ ಧೂಳು ಕುಣಿಯುತ್ತಿದ್ದರೆ ಎಲ್ಲೋ ಸೋರುತ್ತಿದೆ ಅಂತ ಅರ್ಥ.

ಫಿಲ್ಟರ್ ಕಟ್ಟಿದೆಯಾ ಅಂತ ತಿಳಿಯಲು ನಾನೊಂದು ಅಗ್ಗದ ಉಪಾಯ ಮಾಡಿದ್ದೇನೆ. ಪಾರದರ್ಶಕ ಪ್ಲಾಸ್ಟಿಕ್ ನಳಿಕೆಯನ್ನು ಯು ಆಕಾರಕ್ಕೆ ಬಗ್ಗಿಸಿ ಹಲಗೆಗೆ ಹೊಡೆದು, ಅರ್ಧದವರೆಗೆ ಬಣ್ಣದ ನೀರು ತುಂಬಿದೆ. ಒಂದು ತುದಿಯನ್ನು ಫಿಲ್ಟರಿಗೆ ಹೋಗುವ ಮುಂಚಿನ ಡಬ್ಬಿಗೆ ಸಣ್ಣ ತೂತು ಕೊರೆದು ಸೇರಿಸಿದೆ, ಇನ್ನೊಂದು ತುದಿ ಹಾಗೇ ತೆರೆದಿದೆ. ಫಿಲ್ಟರ್ ಹೊಸದಿದ್ದ ದಿನ ಎರಡು ಕಡೆಯ ನೀರಿನ ಮಟ್ಟದಲ್ಲಿ ಎಷ್ಟು ವ್ಯತ್ಯಾಸ ಇತ್ತೋ ಅಲ್ಲಿ ಪೆನ್ಸಿಲ್ ಗೆರೆ ಎಳೆದೆ. ಈಗ ವ್ಯತ್ಯಾಸ ಜಾಸ್ತಿಯಾದರೆ ಫಿಲ್ಟರ್ ತೆಗೆದು, ಹೊರಮೈಯಿಂದ ಒಳಗಿನ ಕಡೆಗೆ ಮೆಲ್ಲಗೆ ಗಾಳಿ ಹೊಡೆಯುತ್ತೇನೆ. ಕಂಪ್ರೆಸರ್ ಜೋರಾಗಿ ಬಿಟ್ಟರೆ ಮಡಿಕೆ ಹರಿದುಹೋಗುತ್ತದೆ, ಒಂದು ಹಾಗೇ ಹಾಳು ಮಾಡಿದೆ.

ಚೀಲ ಪೂರ್ತಿ ತುಂಬುವವರೆಗೆ ಕಾಯಬೇಡ. ಮೂರರಲ್ಲಿ ಎರಡು ಪಾಲು ಆದರೆ ಸಾಕು, ಮಾಸ್ಕ್ ಹಾಕಿಕೊಂಡು ಹೊರಗೆ ಒಯ್ದು ಖಾಲಿ ಮಾಡು. ನಿಜ ಹೇಳಬೇಕೆಂದರೆ ದಿನವೆಲ್ಲ ಕುಡಿಯದ ಧೂಳನ್ನು ಆ ಎರಡು ನಿಮಿಷದಲ್ಲಿ ಕುಡಿಯುತ್ತೇವೆ.

ಬೆಂಕಿಯ ಮಾತು ಆಡಲೇಬೇಕು. ನೆಲ ಗುಡಿಸಿದ್ದನ್ನು ಈ ಪೈಪಿಗೆ ಕೊಡಬೇಡ. ಅದರಲ್ಲಿ ಮೊಳೆ, ಸ್ಕ್ರೂ, ಮರದ ತುಂಡು ಇದ್ದೇ ಇರುತ್ತವೆ. ನಿನ್ನ ಮೆಷಿನ್ನಿನಲ್ಲಿ ಎಲ್ಲವೂ ಮೊದಲು ಫ್ಯಾನಿಗೇ ಬಡಿದು ಆಮೇಲೆ ಚೀಲಕ್ಕೆ ಹೋಗುತ್ತದೆ. ಸ್ಕ್ರೂ ಫ್ಯಾನಿಗೆ ಬಡಿದು ಕಿಡಿ ಹಾರಿದರೆ, ಆ ಕಿಡಿ ಹೋಗಿ ಬೀಳುವುದು ಒಣ ಹೊಟ್ಟಿನ ಮೇಲೆ. ಅದು ಹೊಗೆಯಾಡುತ್ತಾ ಗಂಟೆಗಟ್ಟಲೆ ಒಳಗೇ ಇರಬಲ್ಲದು, ನೀನು ಬೀಗ ಹಾಕಿ ಮನೆಗೆ ಹೋದ ಮೇಲೆ ಹತ್ತಿಕೊಳ್ಳುತ್ತದೆ. ಕಬ್ಬಿಣ ಉಜ್ಜುವ ಗ್ರೈಂಡರಿಗಂತೂ ಈ ಪೈಪ್ ಯಾವತ್ತೂ ಸೇರಿಸಬೇಡ. ಸಾಧ್ಯವಾದರೆ ಫ್ಯಾನಿಗೆ ಮುಂಚೆ ಗಾಳಿಯನ್ನು ಸುಳಿಯ ಹಾಗೆ ತಿರುಗಿಸುವ ಒಂದು ಸೈಕ್ಲೋನ್ ಡ್ರಮ್ ಇಡು, ದಪ್ಪದ್ದೆಲ್ಲ ಅಲ್ಲೇ ಇಳಿಯುತ್ತದೆ.

2012ರಲ್ಲಿ ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲಿ ಎರಡು ಮರದ ಮಿಲ್ಲುಗಳು ಧೂಳಿನಿಂದಲೇ ಸ್ಫೋಟಗೊಂಡವು, ಒಂದು ಜನವರಿಯಲ್ಲಿ, ಇನ್ನೊಂದು ಏಪ್ರಿಲ್‌ನಲ್ಲಿ. ಒಟ್ಟು ನಾಲ್ಕು ಜನ ಸತ್ತರು. ನಮ್ಮಂಥ ಚಿಕ್ಕ ವರ್ಕ್‌ಶಾಪಿಗೆ ಅಷ್ಟು ದೊಡ್ಡ ಭಯ ಇಲ್ಲ, ಆದರೂ ತೊಲೆಯ ಮೇಲೆ, ಟ್ಯೂಬ್‌ಲೈಟ್ ಮೇಲೆ ಕೂತ ಧೂಳನ್ನು ಆಗಾಗ ತೆಗೆ. ಪ್ಲಾಸ್ಟಿಕ್ ಪೈಪ್ ಮುಟ್ಟಿದಾಗ ಪಟ್ ಅಂತ ಹೊಡೆಯುತ್ತದಲ್ಲ, ಅದು ಧೂಳಿನ ಉಜ್ಜಾಟಕ್ಕೆ ಹುಟ್ಟುವ ಸ್ಥಿರ ವಿದ್ಯುತ್ತು. ಸುರುಳಿ ಪೈಪಿನ ಒಳಗಿರುವ ತಂತಿಯ ತುದಿ ಬಿಡಿಸಿ, ಮೆಷಿನ್ನಿನ ಲೋಹದ ಮೈಗೆ ಬಿಗಿ. ಮೆಷಿನ್ನಿಗೆ ಅರ್ತಿಂಗ್ ಇದೆಯಾ ಅಂತಲೂ ನೋಡಿಸು.

ಪೈಪ್ ಕಟ್ಟಿಕೊಂಡರೆ ಕೈ ಹಾಕಿ ಎಳೆಯುವ ಚಾಳಿ ನಿನಗಿದೆ. ಸ್ವಿಚ್ ಆರಿಸಿದ ಮೇಲೂ ಫ್ಯಾನ್ ಎಷ್ಟೋ ಹೊತ್ತು ತಿರುಗುತ್ತಲೇ ಇರುತ್ತದೆ, ಸದ್ದು ನಿಂತ ಹಾಗೆ ಅನ್ನಿಸಿದರೂ. ಮೇನ್ ಆಫ್ ಮಾಡಿ, ಪೂರ್ತಿ ನಿಂತದ್ದನ್ನು ಕಣ್ಣಾರೆ ನೋಡಿ, ಆಮೇಲೆ ಬಿಚ್ಚು. ಹುಡುಗರಿಗೂ ಹೇಳು. ಕಿವಿಗೆ ಇಯರ್ ಮಫ್ ಹಾಕಿಕೊಳ್ಳಲಿ, ಗರಗಸದ ಸದ್ದಿಗೆ ಇದರದೂ ಸೇರುತ್ತದೆ.

ಅತ್ತಿಗೆಗೆ ಕೇಳಿದೆ ಅಂತ ಹೇಳು. ಅಪ್ಪನಿಗೆ ಗಡ್ಡ ಇರುವುದರಿಂದ ಮಾಸ್ಕ್ ಮುಖಕ್ಕೆ ಸರಿಯಾಗಿ ಕೂರುವುದಿಲ್ಲ, ಸಂದಿಯಿಂದ ಧೂಳು ನುಗ್ಗುತ್ತದೆ. ತೆಗೆಸುವ ಧೈರ್ಯ ನನಗಂತೂ ಇಲ್ಲ, ನೀನೇ ಕೇಳಿ ನೋಡು.

ಮೊದಲು ಆ ಬಾಣದ ಗುರುತಿನ ಫೋಟೊ ತೆಗೆದು ಕಳಿಸು. ಸ್ವಿಚ್ ಆರಿಸಿ ಫ್ಯಾನ್ ನಿಲ್ಲುವಾಗ ಒಂದು ವಿಡಿಯೊ ಕೂಡ.

ನಿನ್ನ ತಮ್ಮ