ಬಾಕ್ಸಿಂಗ್ ಕಾರ್ನರಿಗೆ ವಾಹಿನಿಯವರ ಕಿವಿಮಾತು ಸಲ್ಲದು

ಮಾನ್ಯರೇ,

ಭಾನುವಾರ ಬೆಳಗ್ಗೆ ಅಮೆರಿಕದಿಂದ ನೇರಪ್ರಸಾರವಾದ ಬಾಕ್ಸಿಂಗ್ ಪಂದ್ಯದ ಕುರಿತ ನಿಮ್ಮ ಸೋಮವಾರದ ವರದಿ, ಏಳನೇ ಸುತ್ತಿನ ನಂತರ ವಾಹಿನಿಯ ಪ್ರತಿನಿಧಿ ಒಂದು ಕಾರ್ನರಿಗೆ (ಬಾಕ್ಸರ್‌ನ ಕೋಚ್ ಮತ್ತು ಸಹಾಯಕರು ಇರುವ ರಿಂಗಿನ ಮೂಲೆಗೆ) ಹೋಗಿ ಮಾತನಾಡಿದ ಸಂಗತಿಯನ್ನು ಒಂದೇ ಸಾಲಿನಲ್ಲಿ ಮುಗಿಸಿದೆ. ನನ್ನ ಮಟ್ಟಿಗೆ ಆ ಪಂದ್ಯದಲ್ಲಿ ಇದಕ್ಕಿಂತ ದೊಡ್ಡ ಸುದ್ದಿ ಮತ್ತೊಂದಿರಲಿಲ್ಲ. ಅಲ್ಲಿದ್ದ ಬಾಕ್ಸರ್‌ನ ಹುಬ್ಬಿನ ಮೇಲಿನ ಗಾಯ ಗುದ್ದಿನಿಂದ ಆದದ್ದಲ್ಲ, ತಲೆ ತಾಗಿ ಆದದ್ದು ಎಂದು ಮರುದೃಶ್ಯ ನೋಡಿ ಆ ಕೋಚ್‌ಗೆ ಹೇಳಿದ್ದಲ್ಲದೆ, ನಮ್ಮ ವಿವರಣೆಕಾರರ ಲೆಕ್ಕದಲ್ಲಿ ನಿಮ್ಮವನೇ ಮುಂದಿದ್ದಾನೆ ಎಂದೂ ತಿಳಿಸಿದ್ದಾರೆ. ಎದುರು ಮೂಲೆಯಲ್ಲಿದ್ದವರಿಗೆ ಇದರ ಸುಳಿವೇ ಇರಲಿಲ್ಲ.

ಇದು ಸಣ್ಣ ಮಾಹಿತಿಯಲ್ಲ. ವೃತ್ತಿಪರ ಬಾಕ್ಸಿಂಗ್‌ನಲ್ಲಿ ಗುದ್ದಿನಿಂದಾದ ಗಾಯಕ್ಕಾಗಿ ಪಂದ್ಯ ನಿಂತರೆ ಗಾಯಗೊಂಡವನು ಸೋತಂತೆ. ಅಕಸ್ಮಾತ್ ತಲೆ ತಾಗಿ ಆದ ಗಾಯಕ್ಕಾಗಿ ನಿಂತರೆ, ನಾಲ್ಕು ಸುತ್ತು ಮುಗಿದಿದ್ದ ಪಕ್ಷದಲ್ಲಿ, ಅಲ್ಲಿಯವರೆಗಿನ ಅಂಕಗಳ ಮೇಲೆ ತೀರ್ಪಾಗುತ್ತದೆ. ಹೀಗಿರುವಾಗ ಗಾಯದ ಕಾರಣ ಮತ್ತು ಅಂಕದ ಅಂದಾಜು ಎರಡೂ ಕೈಗೆ ಸಿಕ್ಕ ಕೋಚ್, ರೆಫರಿಯ ಮೇಲೆ ಒತ್ತಡ ತಂದು, ವೈದ್ಯರನ್ನು ಕರೆಸಿ, ಪಂದ್ಯವನ್ನು ಅಲ್ಲಿಗೇ ನಿಲ್ಲಿಸಲು ನೋಡಬಹುದು. ಅದು ತಿಳಿಯದ ಕೋಚ್ ತನ್ನ ಹುಡುಗನನ್ನು ಮತ್ತೆ ಗುದ್ದು ತಿನ್ನಲು ಕಳಿಸುತ್ತಾನೆ. ಒಂದೇ ರಿಂಗಿನಲ್ಲಿ ಇಬ್ಬರಿಗೆ ಎರಡು ನ್ಯಾಯ ಎಂದರೆ ಇದೇ.

ಈ ಪಂದ್ಯಕ್ಕಾಗಿ ತಿಂಗಳ ಚಂದಾ ಕಟ್ಟಿ, ಬೆಳಗಿನ ಜಾವವೇ ಎದ್ದು, ಮನೆಯವರ ನಿದ್ದೆಯನ್ನೂ ಕೆಡಿಸಿ ಕೂತವನು ನಾನು. ಮುಖ್ಯ ಪಂದ್ಯ ಶುರುವಾಗುವ ಹೊತ್ತಿಗೆ ಬಿಸಿಲು ಏರಿತ್ತು. ಸುತ್ತುಗಳ ನಡುವಿನ ಒಂದು ನಿಮಿಷದಲ್ಲಿ ಕಾರ್ನರಿನಲ್ಲಿ ಏನು ಮಾತಾಗುತ್ತದೆ ಎಂಬುದೇ ಬಾಕ್ಸಿಂಗ್ ಬಲ್ಲವರಿಗೆ ಅರ್ಧ ಪಂದ್ಯ. ಆ ನಿಮಿಷದಲ್ಲಿ ನಮಗೆ ತೋರಿಸಿದ್ದು ಜಾಹೀರಾತು. ವಾಹಿನಿಯವರು ಕಾರ್ನರಿಗೆ ಹೇಳಿದ್ದು ಹಣ ಕೊಟ್ಟ ನಮಗೆ ಗೊತ್ತಾದದ್ದು ಎರಡು ಸುತ್ತು ಕಳೆದ ಮೇಲೆ, ಅದೂ ವಿವರಣೆಕಾರರೊಬ್ಬರು ಮಾತಿನ ನಡುವೆ ಬಾಯಿಬಿಟ್ಟಿದ್ದರಿಂದ.

ಕಾರ್ನರಿನವರನ್ನು ಕತ್ತಲಲ್ಲಿ ಇಡಬೇಕು ಎಂದು ನಾನು ವಾದಿಸುತ್ತಿಲ್ಲ. 1990ರ ಮಾರ್ಚ್ 17ರಂದು ಲಾಸ್ ವೇಗಸ್‌ನಲ್ಲಿ ಹೂಲಿಯೊ ಸೀಸರ್ ಚಾವೆಜ್ ಎದುರು ಮೆಲ್ಡ್ರಿಕ್ ಟೇಲರ್ ಇಬ್ಬರು ತೀರ್ಪುಗಾರರ ಪಟ್ಟಿಯಲ್ಲಿ ಬಹಳ ಮುಂದಿದ್ದರು. ಅಂಕ ತಿಳಿಯದ ಅವರ ಕಾರ್ನರ್ ಕೊನೆಯ ಸುತ್ತನ್ನು ಗೆಲ್ಲಲೇಬೇಕು ಎಂದು ಕಳಿಸಿತು. ಪಂದ್ಯ ಮುಗಿಯಲು ಎರಡೇ ಸೆಕೆಂಡ್ ಇದ್ದಾಗ ರೆಫರಿ ರಿಚರ್ಡ್ ಸ್ಟೀಲ್ ಪಂದ್ಯ ನಿಲ್ಲಿಸಿದರು, ಟೇಲರ್ ಸೋತರು. ಆ ದಿನ ಏಟು ತಿಂದ ಟೇಲರ್ ಮತ್ತೆಂದೂ ಮೊದಲಿನ ಬಾಕ್ಸರ್ ಆಗಲಿಲ್ಲ. ಆದರೆ ತಪ್ಪು ಮಾಹಿತಿ ಮಾಡುವ ಹಾನಿಯೂ ಕಡಿಮೆಯದಲ್ಲ. 1999ರಲ್ಲಿ ಫೆಲಿಕ್ಸ್ ಟ್ರಿನಿಡಾಡ್ ಎದುರು ಆಸ್ಕರ್ ಡಿ ಲಾ ಹೋಯಾ, ತಾನು ಮುಂದಿದ್ದೇನೆ ಎಂಬ ಕಾರ್ನರಿನ ಮಾತು ನಂಬಿ ಕೊನೆಯ ಸುತ್ತುಗಳಲ್ಲಿ ತಪ್ಪಿಸಿಕೊಂಡು ತಿರುಗಿದರು, ತೀರ್ಪು ಬಂದಾಗ ಸೋತಿದ್ದರು. ವಾಹಿನಿಯ ವಿವರಣೆಕಾರರ ಲೆಕ್ಕ ತೀರ್ಪುಗಾರರ ಲೆಕ್ಕವಲ್ಲ. ಅದನ್ನು ಅಂಕವೆಂಬಂತೆ ಕಾರ್ನರಿಗೆ ಮುಟ್ಟಿಸುವವರು ನಾಳೆ ಒಬ್ಬ ಬಾಕ್ಸರ್ ಸೋತರೆ ಅಥವಾ ಆಸ್ಪತ್ರೆ ಸೇರಿದರೆ ಹೊಣೆ ಹೊರುತ್ತಾರೆಯೇ?

ಪ್ರಸಾರಕರು ಈ ಕ್ರೀಡೆಯಲ್ಲಿ ನಡುವೆ ನಿಂತು ನೋಡುವವರೂ ಅಲ್ಲ. 2018ರಲ್ಲಿ ಡಜೋನ್ ಎಂಬ ಪ್ರಸಾರ ಸಂಸ್ಥೆ ಮೆಕ್ಸಿಕೊದ ಬಾಕ್ಸರ್ ಕನೆಲೊ ಅಲ್ವಾರೆಜ್ ಒಬ್ಬರ 11 ಪಂದ್ಯಗಳಿಗೆ ಕನಿಷ್ಠ 36.5 ಕೋಟಿ ಡಾಲರ್‌ನ ಒಪ್ಪಂದ ಮಾಡಿಕೊಂಡಿತ್ತು. ಮೊನ್ನೆಯ ಪಂದ್ಯಕ್ಕೂ ಆ ಸಂಸ್ಥೆಗೂ ಸಂಬಂಧವಿದೆ ಎಂದು ನಾನು ಹೇಳುತ್ತಿಲ್ಲ. ಯಾರು ಗೆದ್ದರೆ ವಾಹಿನಿಗೆ ಲಾಭ ಎಂಬುದು ಪಂದ್ಯಕ್ಕೆ ಮೊದಲೇ ನಿಶ್ಚಯವಾಗಿರುವ ವ್ಯವಸ್ಥೆ ಇದು ಎಂದಷ್ಟೇ ಹೇಳುತ್ತಿದ್ದೇನೆ. ಕ್ರಿಕೆಟ್ ಈ ವಿಷಯದಲ್ಲಿ ಬಹಳ ಹಿಂದೆಯೇ ಎಚ್ಚೆತ್ತಿತು. 1999ರ ವಿಶ್ವಕಪ್‌ನಲ್ಲಿ ಭಾರತದ ಎದುರು ದಕ್ಷಿಣ ಆಫ್ರಿಕಾದ ನಾಯಕ ಹ್ಯಾನ್ಸಿ ಕ್ರೋನಿಯೆ ಕೋಚ್‌ನ ಮಾತು ಕೇಳಲು ಕಿವಿಗೆ ಸಿಕ್ಕಿಸಿಕೊಂಡಿದ್ದ ಇಯರ್‌ಪೀಸನ್ನು ತೆಗೆಸಲಾಯಿತು. 2017ರಲ್ಲಿ ನಮ್ಮ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಆಸ್ಟ್ರೇಲಿಯಾದ ನಾಯಕ ಸ್ಟೀವ್ ಸ್ಮಿತ್ ಡಿಆರ್‌ಎಸ್‌ (ಅಂಪೈರ್ ತೀರ್ಪಿನ ಮರುಪರಿಶೀಲನೆ) ಕೇಳಬೇಕೇ ಎಂದು ಡ್ರೆಸ್ಸಿಂಗ್ ರೂಮಿನತ್ತ ನೋಡಿದ್ದಕ್ಕೇ ಎಷ್ಟು ಗದ್ದಲವಾಯಿತು! ಔಟೋ ಅಲ್ಲವೋ ಎಂಬುದಕ್ಕೇ ಅಷ್ಟು ಬಿಗಿ ಇರುವಾಗ, ತಲೆಗೆ ಏಟು ಬೀಳುವ ಆಟದಲ್ಲಿ ಈ ಸಡಿಲವೇಕೆ?

ಬಾಕ್ಸಿಂಗ್ ಅಧಿಕಾರಿಗಳಿಂದ ನ್ಯಾಯ ನಿರೀಕ್ಷಿಸಿ ನಿರಾಶರಾಗುವುದು ನಮಗೆ ಹೊಸದಲ್ಲ. 1988ರ ಸೋಲ್ ಒಲಿಂಪಿಕ್ಸ್‌ನ ಫೈನಲ್‌ನಲ್ಲಿ ರಾಯ್ ಜೋನ್ಸ್ ಗುದ್ದಿ ಗುದ್ದಿ ಗೆದ್ದ ಪಂದ್ಯವನ್ನು 3–2ರಿಂದ ಆತಿಥೇಯ ದೇಶದವನಿಗೆ ಕೊಟ್ಟವರೂ ಬಾಕ್ಸಿಂಗ್ ತೀರ್ಪುಗಾರರೇ. 2021ರಲ್ಲಿ ಟೋಕಿಯೊದಲ್ಲಿ ಮೇರಿ ಕೋಮ್ ಮೂರರಲ್ಲಿ ಎರಡು ಸುತ್ತು ಗೆದ್ದೂ ಪಂದ್ಯ ಸೋತರು, ರಿಂಗಿನಿಂದ ಇಳಿಯುವಾಗಲೂ ಗೆದ್ದೆನೆಂದೇ ನಂಬಿದ್ದರು. ಪ್ಯಾರಿಸ್‌ನಲ್ಲಿ ಮೊದಲ ಸುತ್ತಿನಲ್ಲಿ ಮುಂದಿದ್ದ ನಿಶಾಂತ್ ದೇವ್ ಕ್ವಾರ್ಟರ್ ಫೈನಲ್‌ನಲ್ಲಿ 4–1ರಿಂದ ಸೋತದ್ದನ್ನು ನೋಡಿ ಇಡೀ ದೇಶ ಮರುಗಿತು. ಆದರೂ ಟೋಕಿಯೊ, ಪ್ಯಾರಿಸ್ ಒಲಿಂಪಿಕ್ಸ್‌ಗಳಲ್ಲಿ ಪ್ರತಿ ಸುತ್ತಿನ ಅಂಕ ಇಬ್ಬರಿಗೂ ಒಟ್ಟಿಗೆ ಕಾಣುತ್ತಿತ್ತು. ವೃತ್ತಿಪರ ಬಾಕ್ಸಿಂಗ್‌ನಲ್ಲೂ ನಾಲ್ಕನೇ ಮತ್ತು ಎಂಟನೇ ಸುತ್ತಿನ ನಂತರ ಅಂಕ ಪ್ರಕಟಿಸುವ ಪದ್ಧತಿಯನ್ನು ಡಬ್ಲ್ಯುಬಿಸಿ (ವಿಶ್ವ ಬಾಕ್ಸಿಂಗ್ ಮಂಡಳಿ) ಕೆಲವೆಡೆ ಜಾರಿಗೆ ತಂದಿದೆ. ಅದನ್ನು ಎಲ್ಲ ಕಡೆ ತರಲು ಅಧಿಕಾರಿಗಳಿಗೆ ಏನು ಕಷ್ಟ?

ಆದ್ದರಿಂದ ವಾಹಿನಿಯವರು ಪಂದ್ಯದ ನಡುವೆ ಯಾವ ಕಾರ್ನರಿಗೂ ಏನನ್ನೂ ಹೇಳಕೂಡದು. ಹೇಳಲೇಬೇಕೆಂದಿದ್ದರೆ ಮೇಲ್ವಿಚಾರಕರ ಮೂಲಕ ಇಬ್ಬರಿಗೂ ಒಂದೇ ಹೊತ್ತಿಗೆ, ನಮಗೂ ಕೇಳುವಂತೆ ಹೇಳಬೇಕು. ಗಾಯದ ಕಾರಣವನ್ನು ರೆಫರಿ ತಕ್ಷಣ ಎರಡೂ ಕಾರ್ನರಿಗೆ ಸಾರಬೇಕು. ಮುಂದೆ ಏನೇ ಮಾಡಲಿ, ಅಧಿಕಾರಿಗಳು ಮೊದಲು ಮೊನ್ನೆ ಆದದ್ದೇನು ಎಂದು ಬಾಯಿಬಿಡಲಿ. ಪಂದ್ಯದ ಉಸ್ತುವಾರಿಗೆಂದು ರಿಂಗಿನ ಪಕ್ಕದಲ್ಲೇ ಕುರ್ಚಿ ಹಾಕಿಸಿಕೊಂಡು ಕೂತವರಿಗೆ ಕಣ್ಣೆದುರು ನಡೆದದ್ದು ಕಾಣಲಿಲ್ಲವೆಂದರೆ ನಾಚಿಕೆಗೇಡು.

ನಿಮ್ಮ ಓದುಗ,
ಹಾಸನ